ಹನ್ನೆರಡು ಮಂದಿಯ ಭಯ: ಆಟಿಸಂ ಇರುವ ವಯಸ್ಕರಿಗೆ ಎಂಡಿಎಂಎ ನೆರವಿನ ಮನೋಚಿಕಿತ್ಸೆ, ಒಂದು ಪ್ರಕರಣ ಅಧ್ಯಯನ

ಅಮೆರಿಕದ ಲಾಸ್ ಏಂಜಲೀಸ್ ನಗರಕ್ಕೆ ಹೊಂದಿಕೊಂಡಂತಿರುವ ಟಾರೆನ್ಸ್ ಎಂಬಲ್ಲಿ ಹಾರ್ಬರ್-ಯುಸಿಎಲ್‌ಎ ವೈದ್ಯಕೀಯ ಕೇಂದ್ರವಿದೆ. ಅಲ್ಲಿನ ಸಂಶೋಧನಾ ಸಂಸ್ಥೆಯಲ್ಲಿ 2014ರಲ್ಲಿ ಆರಂಭವಾದ ಒಂದು ಸಣ್ಣ ಪ್ರಯೋಗವನ್ನು ಈ ಬರಹ ಅಧ್ಯಯನಕ್ಕೆ ಎತ್ತಿಕೊಂಡಿದೆ. ಅದರಲ್ಲಿ ಪಾಲ್ಗೊಂಡವರು 12 ಮಂದಿ. ಎಲ್ಲರೂ ಆಟಿಸಂ, ಅಂದರೆ ಹುಟ್ಟಿನಿಂದಲೇ ಸಂವಹನದ ಮತ್ತು ಜನರೊಡನೆ ಬೆರೆಯುವ ರೀತಿ ಬೇರೆಯಾಗಿರುವ ಸ್ಥಿತಿ, ಇರುವ ವಯಸ್ಕರು. ಜನರೊಡನೆ ಬೆರೆಯಬೇಕಾದ ಸಂದರ್ಭ ಎದುರಾದೊಡನೆ ಕಾಲು ಹಿಂದೆಗೆಯುವಷ್ಟು ಆತಂಕ ಎಲ್ಲರಲ್ಲಿಯೂ ಇತ್ತು. ಅವರಲ್ಲಿ ಎಂಟು ಮಂದಿಗೆ ಮನೋಚಿಕಿತ್ಸೆಯ ಜೊತೆಗೆ ಎಂಡಿಎಂಎ ಎಂಬ ಮದ್ದನ್ನೂ, ಉಳಿದ ನಾಲ್ವರಿಗೆ ಅದೇ ಮನೋಚಿಕಿತ್ಸೆಯ ಜೊತೆಗೆ ಮದ್ದಿಲ್ಲದ ಹುಸಿಮಾತ್ರೆಯನ್ನೂ ಕೊಡಲಾಯಿತು. ಬೀದಿಯಲ್ಲಿ ‘ಎಕ್ಸ್‌ಟಸಿ’ ಎಂಬ ಹೆಸರಿನಲ್ಲಿ ಮಾರಾಟವಾಗುವುದು ಇದೇ ಎಂಡಿಎಂಎ. ಮನೋವಿಜ್ಞಾನಿ ಅಲೀಶಿಯಾ ಡ್ಯಾನ್‌ಫೋರ್ತ್ ಮತ್ತು ಮನೋವೈದ್ಯ ಚಾರ್ಲ್ಸ್ ಗ್ರೋಬ್ ಮುನ್ನಡೆಸಿದ ಈ ಪ್ರಯೋಗದ ಫಲಿತಾಂಶ 2018ರಲ್ಲಿ ‘ಸೈಕೋಫಾರ್ಮಕಾಲಜಿ’ ಎಂಬ ವೈಜ್ಞಾನಿಕ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಷ್ಟು ಚಿಕ್ಕ ಪ್ರಯೋಗದ ಬಗ್ಗೆ ಇಷ್ಟು ದೀರ್ಘವಾಗಿ ಬರೆಯುವ ಅಗತ್ಯವೇನು ಎಂದು ಕೇಳಬಹುದು. ಇಂಥ ಸುದ್ದಿಗಳು ನಮ್ಮ ಪೋಷಕರನ್ನು ಮುಟ್ಟುವ ಹೊತ್ತಿಗೆ ‘ಆಟಿಸಂಗೆ ಹೊಸ ಔಷಧಿ’ ಎಂಬ ಒಂದು ಸಾಲಷ್ಟೇ ಉಳಿದಿರುತ್ತದೆ, ಆ ಸಾಲನ್ನು ಹಿಡಿದು ರಾತ್ರಿಯಿಡೀ ಹುಡುಕುವ ತಂದೆತಾಯಂದಿರ ಆಸೆ ಎಷ್ಟು ದೊಡ್ಡದೆಂಬುದು ಈ ಮಕ್ಕಳ ಒಡನಾಟವಿರುವವರಿಗೆಲ್ಲ ಗೊತ್ತು. ಆ ಆಸೆಗೆ ಮರ್ಯಾದೆ ಕೊಡುವುದೆಂದರೆ ಪ್ರಯೋಗದಲ್ಲಿ ನಿಜಕ್ಕೂ ಏನು ನಡೆಯಿತು, ಏನನ್ನು ಅಳೆಯಲಾಯಿತು, ಏನನ್ನು ಅಳೆಯಲಿಲ್ಲ ಎಂಬುದನ್ನು ಬಿಡಿಸಿ ಹೇಳುವುದು. ಈ ಪ್ರಯೋಗ ಆಟಿಸಂ ಅನ್ನು ಗುಣಪಡಿಸಲು ಹೊರಟಿರಲಿಲ್ಲ. ಆಟಿಸಂನೊಡನೆ ಬದುಕುತ್ತ ಬಂದವರಲ್ಲಿ ವರ್ಷಗಳಿಂದ ಗಟ್ಟಿಯಾದ ಭಯವನ್ನು ಸಡಿಲಿಸಲು ಸಾಧ್ಯವೇ ಎಂದು ಅದು ಕೇಳಿತು. ಈ ವ್ಯತ್ಯಾಸ ಮುಂದಿನ ಎಲ್ಲ ಮಾತಿಗೂ ಬುನಾದಿಯಾದ್ದರಿಂದ ಅದರಿಂದಲೇ ಆರಂಭಿಸುತ್ತೇನೆ.

ಯಾವ ತೊಂದರೆಗೆ ಮದ್ದು ಹುಡುಕುತ್ತಿದ್ದೇವೆ

ಆಟಿಸಂ ಇರುವವರ ‘ಸಾಮಾಜಿಕ ತೊಂದರೆ’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದರೊಳಗೆ ಕನಿಷ್ಠ ಎರಡು ಸಂಗತಿಗಳು ಹೆಣೆದುಕೊಂಡಿವೆ. ಒಂದು, ಸಂವಹನದ ರೀತಿಯೇ ಬೇರೆಯಾಗಿರುವುದು: ಎದುರಿನವರ ಕಣ್ಣು ನೋಡುತ್ತ ಮಾತು ಕೇಳಿಸಿಕೊಳ್ಳಲು ಆಗದಿರುವುದು, ಸೂಚ್ಯವಾಗಿ ಹೇಳಿದ್ದು ತಲುಪದಿರುವುದು, ಗದ್ದಲದಲ್ಲಿ ಮಾತು ಚದುರಿಹೋಗುವುದು. ಇದು ಹುಟ್ಟಿನಿಂದ ಬಂದ ಮೆದುಳಿನ ಬೆಳವಣಿಗೆಯ ಭಾಗ. ಎರಡನೆಯದು ಬದುಕಿನಲ್ಲಿ ಕಲಿತದ್ದು. ಶಾಲೆಯಲ್ಲಿ ಹೆಸರಿಟ್ಟು ರೇಗಿಸಿಕೊಂಡವನು, ಮದುವೆ ಮನೆಯಲ್ಲಿ ‘ಇವನಿಗೇನು ಬಾಯಿಲ್ಲವೇ’ ಎಂದು ಹತ್ತು ಜನರ ಮುಂದೆ ಕೇಳಿಸಿಕೊಂಡವನು, ಸಂದರ್ಶನದಲ್ಲಿ ಉತ್ತರ ಗೊತ್ತಿದ್ದೂ ತಡವರಿಸಿ ಹೊರಬಂದವನು ಕ್ರಮೇಣ ಜನರನ್ನೇ ತಪ್ಪಿಸಿಕೊಳ್ಳಲು ಕಲಿಯುತ್ತಾನೆ. ಈ ಎರಡನೆಯದನ್ನು ವೈದ್ಯಶಾಸ್ತ್ರ ಸಾಮಾಜಿಕ ಆತಂಕವೆಂದು ಗುರುತಿಸುತ್ತದೆ. ಆಟಿಸಂ ಇರುವವರಲ್ಲಿ ಅದು ಉಳಿದವರಿಗಿಂತ ಬಹಳ ಹೆಚ್ಚಾಗಿ ಕಂಡುಬರುತ್ತದೆ.

ಸ್ವತಃ ಆಟಿಸಂ ಇರುವ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಮುಂದಿಟ್ಟ ವಾದವನ್ನು ಇಲ್ಲಿ ನೆನೆಯಬೇಕು. ಆಟಿಸಂ ಇರುವವರಿಗೆ ಇತರರು ಅರ್ಥವಾಗದಿರುವಷ್ಟೇ ಮಟ್ಟಿಗೆ ಇತರರಿಗೂ ಅವರು ಅರ್ಥವಾಗುವುದಿಲ್ಲ, ಆದ್ದರಿಂದ ಕೊರತೆ ಇಬ್ಬರ ನಡುವಿನ ಸಂಬಂಧದಲ್ಲಿದೆ ಎಂಬುದು ಅವರ ಮಾತಿನ ತಿರುಳು. ಇದನ್ನು ಒಪ್ಪಿದರೆ, ಒಬ್ಬರ ಮೆದುಳಿಗಷ್ಟೇ ಮದ್ದು ಹಾಕಿ ‘ಸಾಮಾಜಿಕ ತೊಂದರೆ’ ನಿವಾರಿಸುತ್ತೇವೆ ಎನ್ನುವ ಯೋಜನೆಯ ಬುಡವೇ ಅಲುಗುತ್ತದೆ. ನಾನು ಇದನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಹಾಗಿದ್ದರೂ ಭಯ ಎಂಬುದು ಭಯಪಡುವವನ ಎದೆಯಲ್ಲಿಯೇ ಇರುತ್ತದೆ, ಅದರ ನೋವನ್ನು ಉಣ್ಣುವವನೂ ಅವನೇ. ಆ ನೋವಿಗೆ ಪರಿಹಾರ ಹುಡುಕುವುದು ನ್ಯಾಯವಾದ ಕೆಲಸ.

ಔಷಧಶಾಸ್ತ್ರ ಈವರೆಗೆ ಕೊಟ್ಟದ್ದು ಕಡಿಮೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2006ರಲ್ಲಿ ರಿಸ್ಪೆರಿಡೋನ್‌ಗೆ, 2009ರಲ್ಲಿ ಅರಿಪಿಪ್ರಜೋಲ್‌ಗೆ ಒಪ್ಪಿಗೆ ಕೊಟ್ಟದ್ದು ಆಟಿಸಂ ಇರುವ ಮಕ್ಕಳ ಸಿಡುಕು, ಆಕ್ರೋಶ, ತನ್ನನ್ನು ತಾನೇ ಹೊಡೆದುಕೊಳ್ಳುವಿಕೆಗೆ ಮಾತ್ರ. ನಮ್ಮಲ್ಲಿಯೂ ವೈದ್ಯರು ಹೆಚ್ಚಾಗಿ ಇವೆರಡನ್ನು ಈ ಕಾರಣಕ್ಕೇ ಬರೆಯುತ್ತಾರೆ. ಖಿನ್ನತೆಗೆ ಕೊಡುವ ಸಿಟಾಲೊಪ್ರಾಂ ಅನ್ನು 149 ಮಕ್ಕಳಲ್ಲಿ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳ ಪುನರಾವರ್ತಿತ ನಡವಳಿಕೆಯ ಮೇಲೆ ಅದಕ್ಕೂ ಹುಸಿಮಾತ್ರೆಗೂ ವ್ಯತ್ಯಾಸವೇ ಕಾಣಲಿಲ್ಲ. ಸಂವಹನದ ತೊಡಕಿಗಾಗಲಿ ಜನಭಯಕ್ಕಾಗಲಿ ಆಟಿಸಂ ಇರುವವರಿಗೆಂದೇ ಒಪ್ಪಿಗೆ ಪಡೆದ ಮದ್ದು ಅಲ್ಲಿ ಯಾವುದೂ ಇರಲಿಲ್ಲ. ಈ ಬರಿದಾದ ಜಾಗದಲ್ಲಿಯೇ ಡ್ಯಾನ್‌ಫೋರ್ತ್ ಅವರ ಪ್ರಶ್ನೆ ಹುಟ್ಟಿತು.

ಕ್ರೀಡ್‌ಮೂರ್‌ನ ಮಕ್ಕಳು

ಆದರೆ ಆಟಿಸಂ ಇರುವವರಿಗೆ ಮನಸ್ಸಿನ ಸ್ಥಿತಿಯನ್ನೇ ಬದಲಿಸುವ ಮದ್ದು ಕೊಟ್ಟದ್ದು ಇದೇ ಮೊದಲಲ್ಲ. 1961ರಲ್ಲಿ ನ್ಯೂಯಾರ್ಕ್‌ನ ಕ್ವೀನ್ಸ್ ಪ್ರದೇಶದ ಕ್ರೀಡ್‌ಮೂರ್ ಸರ್ಕಾರಿ ಮಾನಸಿಕ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಲಾರೆಟ್ಟಾ ಬೆಂಡರ್ ಎಂಬ ಹೆಸರಾಂತ ಮನೋವೈದ್ಯೆ ಮಕ್ಕಳಿಗೆ ಎಲ್‌ಎಸ್‌ಡಿ ಎಂಬ, ಭ್ರಮೆ ಹುಟ್ಟಿಸುವ ಮದ್ದನ್ನು ಕೊಡಲು ತೊಡಗಿದರು. ಆಕೆಯ ಹೆಸರು ನಮ್ಮ ಮನೋವಿಜ್ಞಾನದ ವಿದ್ಯಾರ್ಥಿಗಳಿಗೂ ಪರಿಚಿತವೇ. ಚಿತ್ರಗಳನ್ನು ನೋಡಿ ನಕಲು ಬಿಡಿಸುವ ‘ಬೆಂಡರ್ ಗೆಸ್ಟಾಲ್ಟ್’ ಪರೀಕ್ಷೆ 1938ರಲ್ಲಿ ರೂಪಿಸಿದವರು ಅವರೇ. ಆ ಕಾಲದಲ್ಲಿ ಆಟಿಸಂ ಅನ್ನು ಬಾಲ್ಯದ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಯ ಒಂದು ರೂಪವೆಂದು ಅನೇಕರು ತಿಳಿದಿದ್ದರು. ಮಾತಿಲ್ಲದ, ತಮ್ಮಷ್ಟಕ್ಕೆ ತಾವಿರುವ ಮಕ್ಕಳ ಸುತ್ತ ಒಂದು ಕೋಟೆಯಿದೆ, ಬಲವಾದ ಮದ್ದಿನಿಂದ ಆ ಕೋಟೆಯನ್ನು ಒಡೆದು ಒಳಗಿನ ಮಗುವನ್ನು ಹೊರತರಬಹುದು ಎಂಬುದು ಆಗಿನ ನಂಬಿಕೆ.

ಬೆಂಡರ್ ಅವರ ವಿಭಾಗದಲ್ಲಿ ಮೊದಲ ಹಂತದ ಮಕ್ಕಳ ವಯಸ್ಸು ಆರರಿಂದ ಹತ್ತು. ದಿನಕ್ಕೆ 100 ಮೈಕ್ರೋಗ್ರಾಂ ಸುಮಾರಿನ ಎಲ್‌ಎಸ್‌ಡಿಯನ್ನು ಒಂದೆರಡು ದಿನ ಕೊಟ್ಟು ನಿಲ್ಲಿಸಲಿಲ್ಲ. ದಿನವೂ, ತಿಂಗಳುಗಟ್ಟಲೆ ಕೊಟ್ಟರು. ಮಕ್ಕಳು ಹೆಚ್ಚು ಲವಲವಿಕೆಯಿಂದಿದ್ದಾರೆ, ಮುಖ ನೋಡುತ್ತಾರೆ, ಜನರಿಗೆ ಸ್ಪಂದಿಸುತ್ತಾರೆ ಎಂದು ವರದಿಗಳು ಬಂದವು. ಹೋಲಿಸಿ ನೋಡಲು ಮದ್ದಿಲ್ಲದ ಇನ್ನೊಂದು ಗುಂಪು ಇರಲಿಲ್ಲ. ಮದ್ದು ಕೊಟ್ಟವರ ಕಣ್ಣೇ ಅಳತೆಗೋಲಾಗಿತ್ತು. ಬ್ರೂಕ್ಲಿನ್‌ನ ಲೀಗ್ ಶಾಲೆಯ 12 ಮಕ್ಕಳಿಗೆ ಎಲ್‌ಎಸ್‌ಡಿ ಕೊಟ್ಟು ನೋಡಿದ ಇನ್ನೊಂದು ತಂಡ 1962ರಲ್ಲಿ ವರದಿ ಮಾಡಿದಾಗ, ಮಾತಿಲ್ಲದ ಮಕ್ಕಳಿಗೆ ಮಾತು ಬರಬಹುದೆಂಬ ತಮ್ಮ ನಿರೀಕ್ಷೆ ಫಲಿಸಲಿಲ್ಲವೆಂದು ಒಪ್ಪಿಕೊಂಡಿತು. 1965ರಲ್ಲಿ ತಯಾರಕ ಸಂಸ್ಥೆ ಸ್ಯಾಂಡೋಜ್ ಎಲ್‌ಎಸ್‌ಡಿ ಪೂರೈಕೆಯನ್ನೇ ನಿಲ್ಲಿಸಿತು, ಬಳಿಕ ಕಾನೂನು ಬಿಗಿಯಾಯಿತು, ಪ್ರಯೋಗಗಳು ಒಂದೊಂದಾಗಿ ಮುಗಿದವು.

ಆ ವರದಿಗಳ ಸಾರಾಂಶಗಳನ್ನು ಓದುವಾಗ ನನ್ನನ್ನು ಹೆಚ್ಚು ಕಲಕುವುದು ಮದ್ದಿನ ಪ್ರಮಾಣಕ್ಕಿಂತ ಇನ್ನೊಂದು ಸಂಗತಿ. ಆ ಮಕ್ಕಳಿಗೆ ಒಳಗೆ ಏನಾಗುತ್ತಿತ್ತು ಎಂಬುದು ಎಲ್ಲಿಯೂ ಅವರದೇ ಮಾತಿನಲ್ಲಿ ಇಲ್ಲ. ಆರು ವರ್ಷದ, ಮಾತು ಬಾರದ, ಮನೆಯಿಂದ ದೂರವಿದ್ದ ಮಗುವಿಗೆ ಗೋಡೆಗಳು ಅಲೆಯಾಡಿದಂತೆ ಕಂಡಾಗ ಅದು ಯಾರ ಬಳಿ ಹೇಳಿಕೊಳ್ಳಬೇಕಿತ್ತು? ಮಗು ನಕ್ಕರೆ ಗುಣವೆಂದು ಬರೆದುಕೊಂಡರು. ಬೇಡವೆನ್ನುವ ದಾರಿ ಆ ಮಗುವಿಗೆ ಇರಲಿಲ್ಲ. ಟಾರೆನ್ಸ್‌ನ ಪ್ರಯೋಗವನ್ನು ತೂಗುವಾಗ ಈ ಹಿನ್ನೆಲೆಯನ್ನು ಪಕ್ಕದಲ್ಲಿಟ್ಟುಕೊಳ್ಳದಿದ್ದರೆ ಅದರಲ್ಲಿ ನಿಜವಾಗಿ ಹೊಸದೇನು ಎಂಬುದು ತಿಳಿಯುವುದಿಲ್ಲ.

ಮದ್ದಿನ ಜಾತಕ

ಎಂಡಿಎಂಎ ಹುಟ್ಟಿದ್ದು ಜರ್ಮನಿಯ ಡಾರ್ಮ್‌ಸ್ಟಾಟ್‌ನ ಮರ್ಕ್ ಕಂಪನಿಯಲ್ಲಿ. 1912ರ ಡಿಸೆಂಬರ್‌ನಲ್ಲಿ ಪೇಟೆಂಟ್‌ಗೆ ಅರ್ಜಿ ಸಲ್ಲಿಸಲಾಗಿತ್ತು. ಆಗ ಅದನ್ನು ಮನಸ್ಸಿನ ಮದ್ದೆಂದು ಯಾರೂ ಎಣಿಸಿರಲಿಲ್ಲ. 1970ರ ದಶಕದಲ್ಲಿ ರಸಾಯನಶಾಸ್ತ್ರಜ್ಞ ಅಲೆಕ್ಸಾಂಡರ್ ಶುಲ್ಗಿನ್ ಅದರ ಪರಿಣಾಮವನ್ನು ಗುರುತಿಸಿದ ಮೇಲೆ ಕೆಲವು ಮನೋಚಿಕಿತ್ಸಕರು ಸದ್ದಿಲ್ಲದೆ ಬಳಸತೊಡಗಿದರು. ಅದು ನೃತ್ಯಶಾಲೆಗಳಿಗೂ ಹರಡಿದಾಗ, 1985ರಲ್ಲಿ ಅಮೆರಿಕ ಸರ್ಕಾರ ಅದನ್ನು ಅತ್ಯಂತ ಬಿಗಿಯಾದ ನಿಷೇಧದ ಪಟ್ಟಿಗೆ ಸೇರಿಸಿತು.

ನರಕೋಶಗಳಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹೊರಗಿನಿಂದ ಒಳಕ್ಕೆ ಎಳೆದುಕೊಳ್ಳುವ ಬಾಗಿಲುಗಳಿವೆ. ಎಂಡಿಎಂಎ ಆ ಬಾಗಿಲುಗಳನ್ನು ಹಿಂದುಮುಂದಾಗಿಸುತ್ತದೆ: ಒಳಕ್ಕೆ ಹೋಗಬೇಕಾದ ಸೆರೊಟೋನಿನ್ ಹೊರಕ್ಕೆ ಸುರಿಯುತ್ತದೆ. ನಾರ್‌ಅಡ್ರಿನಲಿನ್ ಮತ್ತು ಡೋಪಮೀನ್ ಎಂಬ ಇನ್ನೆರಡು ಮೆದುಳಿನ ರಾಸಾಯನಿಕಗಳೂ ಹೆಚ್ಚುತ್ತವೆ, ಆಪ್ತತೆಯ ಭಾವದೊಡನೆ ನಂಟಿರುವ ಆಕ್ಸಿಟೋಸಿನ್ ಎಂಬ ಹಾರ್ಮೋನ್ ರಕ್ತದಲ್ಲಿ ಏರುತ್ತದೆ, ಸಿಟ್ಟಿನ ಮುಖ ಕಂಡಾಗ ಭಯಕ್ಕೆ ಸ್ಪಂದಿಸುವ ಮೆದುಳಿನ ಅಮಿಗ್ಡಲ ಎಂಬ ಭಾಗ ತೋರುವ ಪ್ರತಿಕ್ರಿಯೆ ತಗ್ಗುತ್ತದೆ. ಕೆಲವು ಗಂಟೆಗಳ ಕಾಲ ಎಚ್ಚರ ತಪ್ಪದೆ, ಭ್ರಮೆಗೆ ಜಾರದೆ, ಹಳೆಯ ನೋವನ್ನು ಭಯವಿಲ್ಲದೆ ಮುಟ್ಟಿ ನೋಡಬಹುದಾದ ಸ್ಥಿತಿ ಅದು ಎಂದು ಬಳಸಿದವರು ಬಣ್ಣಿಸುತ್ತಾರೆ. ಒಂಟಿಯಾಗಿರುವುದಕ್ಕೇ ಹೆಸರಾದ ಆಕ್ಟೋಪಸ್‌ಗಳನ್ನು ಎಂಡಿಎಂಎ ಬೆರೆಸಿದ ನೀರಿನಲ್ಲಿ ಇರಿಸಿದಾಗ ಅವು ಇನ್ನೊಂದು ಆಕ್ಟೋಪಸ್ಸಿನ ಬಳಿ ಹೆಚ್ಚು ಹೊತ್ತು ಕಳೆದವೆಂದು 2018ರ ಒಂದು ಸಂಶೋಧನೆ ತೋರಿಸಿತು. ಕೇಳಲು ಸೋಜಿಗವೆನಿಸುವ ಆ ಫಲಿತಾಂಶ ಒಂದು ಸಂಗತಿಯನ್ನಂತೂ ಸೂಚಿಸುತ್ತದೆ: ಇನ್ನೊಂದು ಜೀವದ ಸಾಮೀಪ್ಯವನ್ನು ಸಹಿಸುವ, ಬಯಸುವ ರಾಸಾಯನಿಕ ವ್ಯವಸ್ಥೆ ಜೀವವಿಕಾಸದಲ್ಲಿ ಬಹಳ ಹಳೆಯದು.

ಡ್ಯಾನ್‌ಫೋರ್ತ್ ಮಾತ್ರ ಪ್ರಾಣಿಗಳಿಂದ ಆರಂಭಿಸಲಿಲ್ಲ. ತಮ್ಮ ಡಾಕ್ಟರೇಟ್ ಅಧ್ಯಯನಕ್ಕಾಗಿ, ಹಿಂದೆ ತಾವಾಗಿಯೇ ಎಂಡಿಎಂಎ ಬಳಸಿದ್ದ ಆಟಿಸಂ ಇರುವ ವಯಸ್ಕರ ಅನುಭವಗಳನ್ನು ಅವರು ಕೇಳಿ ಸಂಗ್ರಹಿಸಿದರು. ಜನರ ನಡುವೆ ಹಗುರವಾಗಿರುವುದು ಹೇಗಿರುತ್ತದೆಂದು ಮೊದಲ ಬಾರಿ ತಿಳಿಯಿತು ಎಂಬ ಬಗೆಯ ಮಾತುಗಳು ಅಲ್ಲಿ ಮತ್ತೆ ಮತ್ತೆ ಬಂದವು. ಒಳ್ಳೆಯ ಅನುಭವ ಹೇಳಿಕೊಳ್ಳುವವರೇ ಇಂಥ ಅಧ್ಯಯನಕ್ಕೆ ಮುಂದೆ ಬರುತ್ತಾರೆಂಬುದು ನಿಜ, ಆದ್ದರಿಂದ ಅದನ್ನು ಪುರಾವೆ ಎನ್ನಲಾಗದು. ಪ್ರಶ್ನೆ ಮಾತ್ರ ಆಟಿಸಂ ಇರುವವರ ಬಾಯಿಂದಲೇ ಬಂತು. ಮುಂದೆ ಪ್ರಬಂಧದ ಲೇಖಕರ ಸಾಲಿನಲ್ಲಿ ಸ್ವತಃ ಆಟಿಸಂ ಇರುವ ವಿದ್ವಾಂಸರಾದ ನಿಕ್ ವಾಕರ್ ಕೂಡ ಇದ್ದರು. ಕ್ರೀಡ್‌ಮೂರ್‌ನಿಂದ ಇಲ್ಲಿಗೆ ಬರಲು ಅರ್ಧ ಶತಮಾನ ಬೇಕಾಯಿತು.

ಎಂಟು ಗಂಟೆಯ ಕೋಣೆ

ಪಾಲ್ಗೊಳ್ಳುವವರಿಗೆ ಕನಿಷ್ಠ 21 ವರ್ಷವಾಗಿರಬೇಕು, ಕಾಲೇಜಿನಲ್ಲಿ ಎರಡು ವರ್ಷದಷ್ಟಾದರೂ ಅಥವಾ ಅದಕ್ಕೆ ಸಮನಾದ ಕಲಿಕೆಯಾಗಿರಬೇಕು, ಹಿಂದೆ ಎಂದೂ ಎಂಡಿಎಂಎ ತೆಗೆದುಕೊಂಡಿರಬಾರದು ಎಂಬ ನಿಯಮಗಳಿದ್ದವು. ಆಟಿಸಂ ಇರುವುದನ್ನು ಅಧಿಕೃತ ಪರೀಕ್ಷೆಯಿಂದ ಖಚಿತಪಡಿಸಿಕೊಂಡರು. ಸಾಮಾಜಿಕ ಆತಂಕವನ್ನು ಅಳೆಯಲು ಲೀಬೋವಿಟ್ಜ್ ಮಾಪಕವನ್ನು ಬಳಸಿದರು. ಫೋನಿನಲ್ಲಿ ಮಾತಾಡುವುದು, ಇತರರ ಎದುರು ಊಟ ಮಾಡುವುದು, ಅಪರಿಚಿತರನ್ನು ಭೇಟಿಯಾಗುವುದು ಮುಂತಾದ 24 ಸಂದರ್ಭಗಳಲ್ಲಿ ಭಯವೆಷ್ಟು, ತಪ್ಪಿಸಿಕೊಳ್ಳುವುದೆಷ್ಟು ಎಂದು ಸೊನ್ನೆಯಿಂದ ಮೂರರವರೆಗೆ ಎರಡೆರಡು ಅಂಕ ಕೊಡುವ ಮಾಪಕವದು. ಹಾಗಾಗಿ ಗರಿಷ್ಠ ಅಂಕ 144. ಈ ಪ್ರಯೋಗಕ್ಕೆ ಸೇರಲು ಕನಿಷ್ಠ 60 ಇರಬೇಕಿತ್ತು. ಭಯ ಬದುಕನ್ನು ಕುಂಠಿತಗೊಳಿಸಿದ ಮಟ್ಟವದು.

ಮದ್ದಿಗೆ ಮೊದಲು ಒಂದರಿಂದ ಒಂದೂವರೆ ಗಂಟೆಯ ಮೂರು ಸಿದ್ಧತಾ ಭೇಟಿಗಳು. ಬಳಿಕ ಇಬ್ಬರು ಚಿಕಿತ್ಸಕರ ಜೊತೆಯಲ್ಲಿ ಎಂಟು ಗಂಟೆಯ ಒಂದು ಹಗಲು. ಅದರ ನಂತರ ಅನುಭವವನ್ನು ಬದುಕಿಗೆ ಹೊಂದಿಸಿಕೊಳ್ಳಲು ಇನ್ನೂ ಮೂರು ಭೇಟಿ. ಸುಮಾರು ಒಂದು ತಿಂಗಳ ಅಂತರದಲ್ಲಿ ಇನ್ನೊಂದು ಹಗಲು, ಮತ್ತೆ ಮೂರು ಭೇಟಿ. ಮದ್ದಿನ ಪ್ರಮಾಣ 75ರಿಂದ 125 ಮಿಲಿಗ್ರಾಂ. ಮೊದಲ ಸಲ ಕಡಿಮೆ, ಎರಡನೆಯ ಸಲ ತುಸು ಹೆಚ್ಚು. ನಾನು ಕೂಡಿಸಿ ನೋಡಿದಾಗ, ಒಬ್ಬೊಬ್ಬರಿಗೂ ಹತ್ತಿರ ಹತ್ತಿರ 25ರಿಂದ 30 ಗಂಟೆ ದೊರೆತಿದೆ, ಅದರಲ್ಲಿ ಮದ್ದು ದೇಹದಲ್ಲಿದ್ದ ಹೊತ್ತು ಎರಡೇ ಹಗಲು. ಹುಸಿಮಾತ್ರೆ ಪಡೆದ ನಾಲ್ವರಿಗೂ ಇಷ್ಟೇ ಗಂಟೆಗಳ ಗಮನ ಸಿಕ್ಕಿತು. ಈ ಲೆಕ್ಕವನ್ನು ನೆನಪಿಡಬೇಕೆಂದು ಓದುಗರನ್ನು ಕೋರುತ್ತೇನೆ.

ಆ ಕೋಣೆಯ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ಸಂಶೋಧಕರು ಇದಕ್ಕೂ ಮೊದಲು 2016ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತಮ್ಮ ಚಿಕಿತ್ಸಾ ಕ್ರಮವನ್ನು ವಿವರಿಸುವಾಗ ಆಟಿಸಂ ಅನ್ನು ನೀಗಬೇಕಾದ ರೋಗವೆಂದು ಕಾಣದ ನಿಲುವನ್ನು ಸ್ಪಷ್ಟಪಡಿಸಿದ್ದರು. ಅದು ಕೋಣೆಯ ವಾತಾವರಣದಲ್ಲಿಯೂ ಇಳಿದಿತ್ತು: ಬೆಳಕು, ಸದ್ದು ಮೊದಲಾದವುಗಳಿಂದ ಬರುವವರಿಗೆ ಆಗುವ ಕಿರಿಕಿರಿಯನ್ನು ಮೊದಲೇ ಗಮನಿಸುವುದು, ಏನು ಯಾವಾಗ ನಡೆಯುತ್ತದೆಂದು ಮುಂಚಿತವಾಗಿ ಬಿಡಿಸಿ ಹೇಳುವುದು, ಕೈಯಾಡಿಸುವ, ತೂಗಾಡುವ ಚಲನೆಗಳನ್ನು ತಡೆಯದಿರುವುದು, ಕಣ್ಣಿಗೆ ಕಣ್ಣಿಟ್ಟು ಮಾತಾಡಬೇಕೆಂಬ ನಿರೀಕ್ಷೆಯಿಲ್ಲದಿರುವುದು. ‘ನೋಡು, ಇಲ್ಲಿ ನೋಡು’ ಎಂದು ಮಗುವಿನ ಗಲ್ಲ ಹಿಡಿದು ತಿರುಗಿಸುವುದನ್ನೇ ಚಿಕಿತ್ಸೆಯೆಂದು ತಿಳಿದಿರುವ ಕಡೆಗಳಲ್ಲಿ ಬೆಳೆದವರಿಗೆ ಇದೆಷ್ಟು ದೊಡ್ಡ ಬಿಡುಗಡೆಯೆಂದು ಯೋಚಿಸಬೇಕು. ಬೆಂಡರ್ ಅವರ ಕಾಲದಲ್ಲಿ ಕಣ್ಣು ನೋಡಿದರೆ ಗುಣವೆಂದು ಅಂಕ ಹಾಕುತ್ತಿದ್ದರು. ಇಲ್ಲಿ ಅದು ಗುರಿಯೇ ಆಗಿರಲಿಲ್ಲ.

ಅಂಕಗಳು ಹೇಳಿದ್ದು

ಎರಡನೆಯ ಹಗಲಿನ ಒಂದು ತಿಂಗಳ ನಂತರ, ಯಾರಿಗೆ ಯಾವ ಮಾತ್ರೆ ಸಿಕ್ಕಿತ್ತೆಂದು ತಿಳಿಯದ ಮೌಲ್ಯಮಾಪಕರು ಮತ್ತೆ ಅಳೆದರು. ಎಂಡಿಎಂಎ ಪಡೆದ ಎಂಟು ಮಂದಿಯ ಆತಂಕದ ಅಂಕ ಸರಾಸರಿ 44.1ರಷ್ಟು ಇಳಿದಿತ್ತು. ಹುಸಿಮಾತ್ರೆ ಪಡೆದ ನಾಲ್ವರದು 19.3ರಷ್ಟು ಇಳಿದಿತ್ತು. ಈ ಅಂತರ ಕೇವಲ ಆಕಸ್ಮಿಕವಾಗಿರುವ ಸಾಧ್ಯತೆಯನ್ನು ತೂಗುವ ಸಂಖ್ಯೆ 0.037, 0.05ಕ್ಕಿಂತ ಕಡಿಮೆಯಿದ್ದರೆ ಒಪ್ಪಬಹುದೆಂಬುದು ರೂಢಿ. ಆರು ತಿಂಗಳ ಬಳಿಕ ನೋಡಿದಾಗಲೂ ಎಂಡಿಎಂಎ ಗುಂಪಿನ ಸುಧಾರಣೆ ಉಳಿದಿತ್ತು. ಗಂಭೀರ ಸ್ವರೂಪದ ಅವಘಡ ಯಾವುದೂ ಆಗಲಿಲ್ಲ. ಮದ್ದಿನ ದಿನ ಆತಂಕ ಏರುವುದು, ಗಮನ ನಿಲ್ಲದಿರುವುದು, ದಣಿವು, ತಲೆನೋವು ಮುಂತಾದವು ಕಂಡುಬಂದವು.

44 ಅಂಕದ ಇಳಿಕೆಯೆಂದರೆ ಸಣ್ಣದಲ್ಲ. ಆದರೆ ಈ ಅಂಕಗಳು ಏನನ್ನು ಹೇಳುವುದಿಲ್ಲ ಎಂಬುದನ್ನೂ ಗಮನಿಸಬೇಕು. ಇವರೆಲ್ಲ ಸೂಚ್ಯವಾದ ಮಾತನ್ನು ಹೆಚ್ಚು ಚೆನ್ನಾಗಿ ಗ್ರಹಿಸತೊಡಗಿದರು ಎಂದಾಗಲಿ, ಸದ್ದುಗದ್ದಲ ಅವರನ್ನು ಕಾಡುವುದು ನಿಂತಿತು ಎಂದಾಗಲಿ ಮಾಪಕ ಹೇಳುವುದಿಲ್ಲ. ಫೋನು ಬಂದಾಗ ಎದೆ ಕಡಿಮೆ ಹೊಡೆದುಕೊಳ್ಳುತ್ತದೆ, ಅಂಗಡಿಗೆ ಹೋಗಿ ವಸ್ತು ಹಿಂದಿರುಗಿಸಲು ಧೈರ್ಯ ಬರುತ್ತದೆ ಎಂಬಷ್ಟನ್ನು ಅದು ಹೇಳುತ್ತದೆ. ನನಗೆ ಅದು ಸಾಕಷ್ಟು ದೊಡ್ಡದೆಂದೇ ತೋರುತ್ತದೆ. ಆಟಿಸಂ ಇದ್ದೂ ಅಂಜಿಕೆಯಿಲ್ಲದೆ ಬದುಕುವುದು ಸಾಧ್ಯವೆಂದು ಒಪ್ಪಿದವರಿಗೆ ಮಾತ್ರ ಈ ಫಲಿತಾಂಶದ ಬೆಲೆ ತಿಳಿಯುತ್ತದೆ.

ತೂಗಿ ನೋಡಿದಾಗ

ಮೊದಲ ತೊಡಕು ಎಲ್ಲರಿಗೂ ಕಾಣುವಂಥದು: ಎಂಟು ಮತ್ತು ನಾಲ್ಕು. ನಾಲ್ವರ ಗುಂಪಿನಲ್ಲಿ ಒಬ್ಬರ ಅಂಕ ಬೇರೆಯಾಗಿದ್ದರೂ ಸರಾಸರಿ ಜಾಗ ಬದಲಿಸುತ್ತದೆ. ಕಾಲೇಜು ಕಲಿತವರನ್ನಷ್ಟೇ ಸೇರಿಸಿಕೊಂಡದ್ದರಿಂದ, ಮಾತು ಕಡಿಮೆಯಿರುವ ಅಥವಾ ಬೌದ್ಧಿಕ ಬೆಳವಣಿಗೆಯ ತೊಡಕೂ ಇರುವ ದೊಡ್ಡ ಸಮುದಾಯದ ಬಗ್ಗೆ ಈ ಪ್ರಯೋಗದಿಂದ ಏನನ್ನೂ ಹೇಳಲಾಗದು. ಮಕ್ಕಳ ಬಗ್ಗೆಯಂತೂ ಒಂದು ಅಕ್ಷರವೂ ಇಲ್ಲ.

ಎರಡನೆಯದು ಇನ್ನೂ ಆಳದ್ದು. ಯಾರಿಗೆ ಮದ್ದು, ಯಾರಿಗೆ ಹುಸಿಮಾತ್ರೆ ಎಂಬುದನ್ನು ಪಡೆಯುವವರಿಂದಲೂ ಕೊಡುವವರಿಂದಲೂ ಮುಚ್ಚಿಡುವುದು ಇಂಥ ಪ್ರಯೋಗದ ಜೀವಾಳ. ಎಂಡಿಎಂಎ ಮೈಗೇರಿದಾಗ ಎದೆಬಡಿತ ಏರುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ದವಡೆ ಬಿಗಿಯುತ್ತದೆ. ಗುಟ್ಟು ಒಂದು ಗಂಟೆಯೊಳಗೆ ಬಯಲಾಗುತ್ತದೆ. ಮದ್ದು ಸಿಕ್ಕಿದೆಯೆಂದು ತಿಳಿದವರಲ್ಲಿ ನಂಬಿಕೆ ಗಟ್ಟಿಯಾಗುತ್ತದೆ, ಸಿಗಲಿಲ್ಲವೆಂದು ತಿಳಿದವರು ಕುಗ್ಗುತ್ತಾರೆ. 44 ಮತ್ತು 19ರ ನಡುವಿನ ಅಂತರದಲ್ಲಿ ಮದ್ದಿನ ಪಾಲೆಷ್ಟು, ನಂಬಿಕೆ ಮತ್ತು ನಿರಾಸೆಯ ಪಾಲೆಷ್ಟು ಎಂದು ಬೇರ್ಪಡಿಸಲು ಈ ಪ್ರಯೋಗದಿಂದ ಆಗುವುದಿಲ್ಲ.

ನಂಬಿಕೆಯ ಬಲ ಎಷ್ಟೆಂಬುದಕ್ಕೆ ಆಟಿಸಂನ ಚರಿತ್ರೆಯಲ್ಲಿಯೇ ಸಾಕ್ಷಿಯಿದೆ. ಆಕ್ಸಿಟೋಸಿನ್ ಅನ್ನು ಮೂಗಿಗೆ ಸಿಂಪಡಿಸಿದರೆ ಮಕ್ಕಳು ಹೆಚ್ಚು ಬೆರೆಯುತ್ತಾರೆಂದು ಸಣ್ಣ ಪ್ರಯೋಗಗಳು ವರ್ಷಗಟ್ಟಲೆ ಆಸೆ ಹುಟ್ಟಿಸಿದ್ದವು. ಮೂರರಿಂದ ಹದಿನೇಳು ವರ್ಷದ 290 ಮಕ್ಕಳಲ್ಲಿ 24 ವಾರ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2021ರಲ್ಲಿ ಬಂದಾಗ, ಜನರಿಂದ ದೂರ ಸರಿಯುವಿಕೆಯನ್ನು ಅಳೆಯುವ ಅಂಕ ಆಕ್ಸಿಟೋಸಿನ್ ಗುಂಪಿನಲ್ಲಿ 3.7, ಹುಸಿಮದ್ದಿನ ಗುಂಪಿನಲ್ಲಿ 3.5ರಷ್ಟು ಇಳಿದಿತ್ತು. ಎರಡೂ ಗುಂಪಿನ ಪೋಷಕರು ಸುಧಾರಣೆ ಕಂಡಿದ್ದರು. ಸಣ್ಣ ಪ್ರಯೋಗದ ಫಲಿತಾಂಶವನ್ನು ಯಾರಾದರೂ ತೋರಿಸಿದಾಗ ನಾನು ಮೊದಲು ನೆನೆಯುವುದು ಈ ಎರಡು ಸಂಖ್ಯೆಗಳನ್ನು.

ಮೂರನೆಯದು ಪ್ರಾಯೋಜಕರ ಪ್ರಶ್ನೆ. ಟಾರೆನ್ಸ್‌ನ ಪ್ರಯೋಗಕ್ಕೆ ಹಣ ಒದಗಿಸಿದ ಮ್ಯಾಪ್ಸ್ ಎಂಬ ಸಂಸ್ಥೆ ಸೈಕೆಡೆಲಿಕ್, ಅಂದರೆ ಮನಸ್ಸಿನ ಸ್ಥಿತಿಯನ್ನೇ ಬದಲಿಸುವ, ಮದ್ದುಗಳಿಗೆ ಮನ್ನಣೆ ಸಿಗಬೇಕೆಂದೇ ಸ್ಥಾಪನೆಯಾದದ್ದು. ಅದರಿಂದ ಕವಲೊಡೆದ ಕಂಪನಿಯೊಂದು, ಭೀಕರ ಅನುಭವದ ನಂತರ ಕಾಡುವ ಪಿಟಿಎಸ್‌ಡಿ ಎಂಬ ತೊಂದರೆಗೆ ಎಂಡಿಎಂಎ ಬಳಸಲು ಎಫ್‌ಡಿಎ ಒಪ್ಪಿಗೆ ಕೋರಿತು. 2024ರ ಜೂನ್‌ನಲ್ಲಿ ಸಲಹಾ ಸಮಿತಿಯ 11 ಸದಸ್ಯರಲ್ಲಿ ಒಂಬತ್ತು ಮಂದಿ ಪರಿಣಾಮ ಸಾಬೀತಾಗಿಲ್ಲವೆಂದೂ, ಹತ್ತು ಮಂದಿ ಅಪಾಯವನ್ನು ಮೀರುವ ಲಾಭ ಕಾಣುತ್ತಿಲ್ಲವೆಂದೂ ಮತ ಹಾಕಿದರು. ಆಗಸ್ಟ್‌ನಲ್ಲಿ ಎಫ್‌ಡಿಎ ಅರ್ಜಿಯನ್ನು ನಿರಾಕರಿಸಿ ಇನ್ನೊಂದು ದೊಡ್ಡ ಪ್ರಯೋಗ ನಡೆಸಲು ಹೇಳಿತು. ಅದೇ ತಿಂಗಳು ‘ಸೈಕೋಫಾರ್ಮಕಾಲಜಿ’ ಪತ್ರಿಕೆ ಪಿಟಿಎಸ್‌ಡಿ ಕುರಿತ ಮೂರು ಪ್ರಬಂಧಗಳನ್ನು, ಒಂದು ಪ್ರಯೋಗಸ್ಥಳದಲ್ಲಿ ನಡೆದ ಅನೈತಿಕ ನಡವಳಿಕೆಯ ಕಾರಣಕ್ಕೆ, ಹಿಂಪಡೆಯಿತು. ಆಟಿಸಂ ಪ್ರಬಂಧ ಅವುಗಳಲ್ಲಿ ಸೇರಿಲ್ಲ. ಹಾಗಿದ್ದರೂ, ಮದ್ದಿನ ಪ್ರಭಾವದಲ್ಲಿ ತನ್ನ ರಕ್ಷಣೆಯನ್ನೆಲ್ಲ ಕೆಳಗಿಟ್ಟು ಮಲಗಿರುವವರನ್ನು ಚಿಕಿತ್ಸಕರಿಂದಲೇ ಕಾಪಾಡುವ ವ್ಯವಸ್ಥೆ ಎಷ್ಟು ಗಟ್ಟಿಯಾಗಿರಬೇಕೆಂಬುದನ್ನು ಆ ಘಟನೆ ಎಲ್ಲರಿಗೂ ತೋರಿಸಿತು. ಎದುರಿನವರ ಉದ್ದೇಶವನ್ನು ಅಳೆಯುವುದೇ ಕಷ್ಟವಾಗಿರುವವರ ವಿಷಯದಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು.

ನಮ್ಮ ಮನೆಗಳಲ್ಲಿ ಇದನ್ನು ಓದುವಾಗ

ಭಾರತದಲ್ಲಿ ಎಂಡಿಎಂಎ ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಅಡಿ ನಿಷೇಧಿತ ವಸ್ತು. ಅದನ್ನು ಚಿಕಿತ್ಸೆಯಾಗಿ ಬರೆದುಕೊಡಲು ಯಾವ ವೈದ್ಯರಿಗೂ ಅವಕಾಶವಿಲ್ಲ. ಬೆಂಗಳೂರಿನಲ್ಲಿ ಪೊಲೀಸರು ಆಗಾಗ ವಶಪಡಿಸಿಕೊಳ್ಳುವ ಮಾತ್ರೆ, ಹರಳುಗಳಿಗೂ ಟಾರೆನ್ಸ್‌ನಲ್ಲಿ ತೂಗಿ ಕೊಟ್ಟ ಮದ್ದಿಗೂ ಹೆಸರೊಂದನ್ನು ಬಿಟ್ಟರೆ ಹೋಲಿಕೆಯಿಲ್ಲ. ಬೀದಿಯ ಸರಕಿನಲ್ಲಿ ಏನು ಬೆರೆತಿದೆ, ಎಷ್ಟಿದೆ ಎಂದು ಮಾರುವವನಿಗೂ ತಿಳಿದಿರುವುದಿಲ್ಲ. ಮೈಬಿಸಿ ಅಳತೆ ಮೀರಿ ಏರುವುದು, ನೀರು ಹೆಚ್ಚು ಕುಡಿದು ರಕ್ತದ ಸೋಡಿಯಂ ಕುಸಿಯುವುದು, ಹೃದಯದ ತೊಂದರೆ ಇರುವವರಿಗೆ ಜೀವಾಪಾಯ ಇವೆಲ್ಲ ಚೆನ್ನಾಗಿ ದಾಖಲಾಗಿರುವ ಅಪಾಯಗಳು. ಇನ್ನೊಂದು ಸಂಗತಿ: ಆಟಿಸಂ ಇರುವ ಅನೇಕ ವಯಸ್ಕರು ಆತಂಕ ಅಥವಾ ಖಿನ್ನತೆಗೆ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ. ಆ ಮಾತ್ರೆಗಳು ಎಂಡಿಎಂಎ ಪ್ರವೇಶಿಸುವ ಬಾಗಿಲನ್ನೇ ಮುಚ್ಚುವುದರಿಂದ ಪರಿಣಾಮ ಮಂಕಾಗುತ್ತದೆ, ಮಂಕಾಯಿತೆಂದು ಪ್ರಮಾಣ ಹೆಚ್ಚಿಸಿದರೆ ಅಪಾಯ ಏರುತ್ತದೆ. ಇಂಥ ಪ್ರಯೋಗಗಳಿಗಾಗಿ ಹಳೆಯ ಮಾತ್ರೆಯನ್ನು ವೈದ್ಯರ ನಿಗಾದಲ್ಲಿ ನಿಧಾನವಾಗಿ ನಿಲ್ಲಿಸುವುದಕ್ಕೆ ಇದೂ ಕಾರಣ. ತಾನಾಗಿ ಮಾತ್ರೆ ಬಿಟ್ಟವರ ಸ್ಥಿತಿ ಬೇರೆಯೇ ಆಗಬಹುದು.

ಆದ್ದರಿಂದ ಮದ್ದಿನ ಭಾಗವನ್ನು ಸದ್ಯಕ್ಕೆ ಪೂರ್ತಿ ಬದಿಗಿಡಬೇಕು. ಬದಿಗಿಟ್ಟ ಮೇಲೆಯೂ ಈ ಪ್ರಕರಣದಲ್ಲಿ ನಮ್ಮ ಕೈಗೆಟುಕುವುದೊಂದು ಉಳಿಯುತ್ತದೆ, ಅದು ಹುಸಿಮಾತ್ರೆ ನುಂಗಿದ ಆ ನಾಲ್ವರದು. ಅವರಿಗೆ ದೊರೆತದ್ದು ಸಿದ್ಧತೆ, ಕಿರಿಕಿರಿಯಿಲ್ಲದ ಕೋಣೆ, ತನ್ನ ರೀತಿಯಲ್ಲಿ ಕೂರಲು, ಅಲುಗಲು, ಸುಮ್ಮನಿರಲು ಅನುಮತಿ, ಆತುರವಿಲ್ಲದೆ ಕೇಳಿಸಿಕೊಳ್ಳುವ ಇಬ್ಬರು. ಅಷ್ಟರಿಂದಲೇ, ಮದ್ದು ಸಿಗಲಿಲ್ಲವೆಂಬ ಅನುಮಾನವನ್ನೂ ಹೊತ್ತುಕೊಂಡು, ಅವರ ಭಯ 19 ಅಂಕದಷ್ಟು ಇಳಿಯಿತು. ನಾಲ್ಕೇ ಮಂದಿಯ ಸರಾಸರಿಯಾದ್ದರಿಂದ ಇದಕ್ಕೂ ಮೇಲೆ ಹೇಳಿದ ಎಚ್ಚರವೇ ಅನ್ವಯಿಸುತ್ತದೆ. ಕಾಲ ಕಳೆದಂತೆ ತಾನಾಗಿಯೇ ಇಳಿಯುವುದೂ ಅದರಲ್ಲಿ ಸೇರಿರಬಹುದು. ಆದರೆ ಇದನ್ನು ಪರೀಕ್ಷಿಸಿ ನೋಡಲು ಯಾವ ಕಾಯ್ದೆಯನ್ನೂ ತಿದ್ದಬೇಕಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಪಟ್ಟಿಯಲ್ಲಿ ಸೇರಿಸಿದೆ. ಪ್ರಮಾಣಪತ್ರ, ಶಾಲೆ, ಬಾಲ್ಯದ ತರಬೇತಿಯ ಸುತ್ತ ನಮ್ಮಲ್ಲಿ ಮಾತು ನಡೆಯುತ್ತದೆ. 21 ದಾಟಿದವರ ಜನಭಯದ ಬಗ್ಗೆ ಮಾತು ಬಹಳ ಕಡಿಮೆ. ಓದು ಮುಗಿಸಿ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತ ಮಗ ಅಥವಾ ಮಗಳನ್ನು ಮನೋವೈದ್ಯರ ಬಳಿ ಕರೆದೊಯ್ಯುವ ಪೋಷಕರು ಮುಂದಿನ ಸಲ ಒಂದು ಪ್ರಶ್ನೆಯನ್ನು ಬರೆದುಕೊಂಡು ಹೋಗಲಿ: ನಮ್ಮ ಮಗುವಿನ ಆಟಿಸಂ ಬೇರೆ, ಅವನ ಸಾಮಾಜಿಕ ಆತಂಕ ಬೇರೆ ಎಂದು ಅಳೆದು ನೋಡಿದ್ದೀರಾ? ಆ ಆತಂಕಕ್ಕೆ, ಅವನ ಸಂವಹನದ ರೀತಿಗೆ ಹೊಂದಿಸಿದ ಮನೋಚಿಕಿತ್ಸೆಯನ್ನು ಎಷ್ಟು ಗಂಟೆ ಕೊಡಲು ಸಾಧ್ಯ?